ಗುಡ್ಡ ಹತ್ತಿ ಕತೆ ನೋಡುತ್ತಿದ್ದವರು

ನಮ್ಮ ಮೇಷ್ಟ್ರ ಪಾದಗಳು ಕಾಲಿನ ಗಂಟಿನವರೆಗೂ ಬೂದುಬಿಳಿಯಾಗಿರುತ್ತಿದ್ದವು. ದೂರದಿಂದ ನೋಡಿದವರಿಗೆ ಸಾಕ್ಸ್ ಹಾಕಿಕೊಂಡು ಹವಾಯಿ ಚಪ್ಪಲಿ ಮೆಟ್ಟಿದ್ದಾರೆ ಅನ್ನಿಸಬೇಕು, ಹಾಗೆ. ಅದು ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಹಿಂದಿನ ಸಯನೈಡ್ ಗುಡ್ಡದ ಪುಡಿ. ಚಿನ್ನ ತೆಗೆದುಕೊಂಡು ಉಳಿದ ಗಣಿಮಣ್ಣನ್ನು ವರ್ಷಗಟ್ಟಲೆ ಸುರಿದು ಆದ ಗುಡ್ಡ. ಹುಲ್ಲೂ ಸರಿಯಾಗಿ ಹುಟ್ಟದ ಆ ಜಾಗವೇ ನಮ್ಮ ಧಾರಾವಾಹಿಯಲ್ಲಿ ಬೇರೊಂದು ಗ್ರಹ. ಭೂಮಿ ಬಿಟ್ಟು ಹೋದ ಒಂದು ಕುಟುಂಬ ಆರು ವರ್ಷದಿಂದ ಅಲ್ಲಿ ಸಂಸಾರ ಮಾಡುತ್ತಿದೆ, ಸೋಮವಾರದಿಂದ ಶುಕ್ರವಾರದವರೆಗೆ. ಆ ಕುಟುಂಬವನ್ನು ಹುಟ್ಟಿಸಿದವರು ಮೇಷ್ಟ್ರು. ಕಳೆದ ಮಳೆಗಾಲದಲ್ಲಿ ಅದೇ ಗುಡ್ಡ ಕುಸಿದು ಅವರು ಸತ್ತರು. ಆಗ ಪಕ್ಕದಲ್ಲಿದ್ದವಳು ನಾನು. ಅಲ್ಲಿ ಆಡಬೇಕಿದ್ದ ದೃಶ್ಯ ಬರೆದವಳೂ ನಾನೇ.

ಅವರು ಬಂಗಾರಪೇಟೆ ಪಕ್ಕದ ಹಳ್ಳಿಯ ಒಕ್ಕಲು ಮನೆಯವರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದ ಮೇಲೆ ಟೀವಿಗೆ ಬರೆಯಲು ಕೂತರು. ನಮ್ಮ ಬರೆಯುವ ಕೋಣೆ ಇದ್ದದ್ದು ರಾಬರ್ಟ್‌ಸನ್‌ಪೇಟೆಯ ಒಂದು ಬಟ್ಟೆ ಅಂಗಡಿಯ ಮೇಲೆ. ಎಂ.ಎ. ಮುಗಿಸಿ ಅವರ ಕೈಕೆಳಗೆ ಸೇರಿದಾಗ ನನಗೆ ಎಲ್ಲ ಗೊತ್ತು ಎಂಬ ಧೈರ್ಯವಿತ್ತು. ನನ್ನ ಮೊದಲ ಕಂತಿನಲ್ಲಿ ನಾಯಕ ಗುರುತ್ವಾಕರ್ಷಣೆಯ ಮೇಲೆ ಒಂದೂವರೆ ಪುಟ ಮಾತಾಡಿದ್ದ. ಮೇಷ್ಟ್ರು ಓದಿ ಕಾಗದ ಕೆಳಗಿಟ್ಟರು.

"ಏನಮ್ಮಾ, ಇಷ್ಟೊತ್ತಿಗೆ ನಮ್ಮಮ್ಮ ಆಗಿದ್ರೆ ಎಮ್ಮೆ ಆಲು ಕರೆಯಾಕೆ ಎದ್ದೋಗಿರೋಳು."

"ವಿಜ್ಞಾನದ ಕತೆ ಅಲ್ವಾ ಸಾರ್? ವಿಜ್ಞಾನವೇ ಬೇಡ್ವಾ?"

"ಬೇಕು. ಕೆಲ್ಸಕ್ಕೆ ಸೇರಿದಾಗಿಂದ ಅದನ್ನೇ ಏಳ್ಕೊಟ್ಟು ಮಕ್ಕಳನ್ನ ಮಲಗಿಸಿದೋನು ನಾನು, ನಂಗೊತ್ತಿಲ್ವಾ? ಆ ಗ್ರಹದಾಗೆ ನೀರಿಲ್ಲ ಅಂದೆ. ಸರಿ. ಅಂಗಾದ್ರೆ ಉಂಡ ತಟ್ಟೆ ಎಂಗೆ ತೊಳೀತಾರೆ? ಅದನ್ನ ಬರಿ."

ಬರೆದೆ. ತಟ್ಟೆಯನ್ನು ಮರಳಿನಲ್ಲಿ ಉಜ್ಜಬೇಕೋ ಬಟ್ಟೆಯಲ್ಲಿ ಒರೆಸಬೇಕೋ ಎಂದು ಅತ್ತೆ ಸೊಸೆ ಜಗಳ ಶುರುವಾಯಿತು. ಎರಡು ವಾರ ಅದೇ ಓಡಿತು, ಜನ ಬಿಡದೆ ನೋಡಿದರು. ಬೆಳಗಿನ ಮಾರಿಕುಪ್ಪಂ ರೈಲಿನಲ್ಲಿ ಯಾರೋ ಹೆಂಗಸರು ಸೊಸೆಯ ಪಕ್ಷ ವಹಿಸಿ ವಾದಿಸುತ್ತಿದ್ದರೆ ಮೇಷ್ಟ್ರು ಕಿಟಕಿಯ ಕಡೆ ಮುಖ ಮಾಡಿಕೊಂಡು ನಗುತ್ತಿದ್ದರು. "ದಿನಾ ಮನೆಗೆ ಬರೋರು ಬಾಗಿಲಾಗೆ ನಿಂತು ಪಟಾಕಿ ಒಡೀಬಾರ್ದು ಕಣಮ್ಮ," ಅಂದರು ಆ ದಿನ. "ಒಳೀಕೆ ಬಂದು ಕೂತ್ಕೋಬೇಕು."

ಅವರದೊಂದು ಕಟ್ಟುನಿಟ್ಟಿತ್ತು. ಹೊರಾಂಗಣದ ಯಾವ ದೃಶ್ಯವಾದರೂ ಚಿತ್ರೀಕರಣಕ್ಕೆ ಮೊದಲು ಬರೆದವರೇ ಗುಡ್ಡ ಹತ್ತಿ ಆಡಿ ನೋಡಬೇಕು. ಓಡು ಎಂದು ಬರೆದಿದ್ದರೆ ಓಡಬೇಕು, ಕೂಗು ಎಂದಿದ್ದರೆ ಗಂಟಲು ಹರಿಯುವಂತೆ ಕೂಗಬೇಕು. ಉಳಿದ ಪಾತ್ರಗಳೆಲ್ಲ ಮೇಷ್ಟ್ರವೇ. ಪಂಚೆ ಎತ್ತಿ ಕಟ್ಟಿ ಅತ್ತೆಯಾಗಿ ನಿಂತು ನನ್ನನ್ನು ಬೈಯುವಾಗ ಅವರಿಗೆ ಎಲ್ಲಿಲ್ಲದ ಹುರುಪು. ಕೆಳಗೆ ಟೀ ಕುಡಿಯುತ್ತಿದ್ದ ಯೂನಿಟ್ಟಿನವರಿಗೆ ಅದೇ ಬೆಳಗಿನ ಮನರಂಜನೆ. ಕ್ಯಾಮೆರಾದ ಅಣ್ಣ ಊರಿನ ತಮಿಳರವನು, ಶಿಳ್ಳೆ ಹೊಡೆದು "ಸೂಪರ್ ಮೇಷ್ಟ್ರೇ! ಒನ್ಸ್ ಮೋರ್!" ಎನ್ನುತ್ತಿದ್ದ.

ಆ ವಾರ ಚಾನೆಲ್‌ನವರು ಶುಕ್ರವಾರಕ್ಕೆ ದೊಡ್ಡದೇನಾದರೂ ಬೇಕೆಂದು ಫೋನ್ ಮೇಲೆ ಫೋನ್ ಮಾಡಿದ್ದರು. ನಾನು ನೆಲ ಬಿರಿಸಿದೆ. ಗ್ರಹದ ನೆಲ ಸೀಳುತ್ತದೆ, ಮಾವ ಒಳಗೆ ಬೀಳುತ್ತಾನೆ, ಸೊಸೆ ಕೂಗುತ್ತಾಳೆ, ಕಂತು ಮುಗಿಯುತ್ತದೆ.

"ಆ ಮುದುಕನ್ನ ಯಾಕಮ್ಮ ಬೀಳಿಸ್ತೀಯ? ಏನು ತಪ್ಪು ಮಾಡವ್ನೆ?"

"ಶುಕ್ರವಾರ ಸಾರ್."

"ಓ, ತಪ್ಪು ಶುಕ್ರವಾರದ್ದಾ." ನಕ್ಕರು. ಮನಸ್ಸಿಲ್ಲದಿದ್ದರೂ ನನಗಾಗಿ ಒಪ್ಪಿದರು. "ಬಾ ಮತ್ತೆ, ಆಡಿ ನೋಡಾನ."

ಹಿಂದಿನ ಎರಡು ದಿನ ಮಳೆ ಹಿಡಿದಿತ್ತು. ಆ ಬೆಳಗ್ಗೆ ಬಿಸಿಲು ಚುರುಕಾಗಿತ್ತು. ಮಳೆಗೆ ಮೊದಲೇ ಕಲಾ ವಿಭಾಗದ ಹುಡುಗರು ಗುಡ್ಡದ ಮೇಲೆ ಸನಿಕೆಯಲ್ಲಿ ಸೀಳುಗಳನ್ನು ತೋಡಿಟ್ಟಿದ್ದರು. ಅಂಚಿನ ಹತ್ತಿರ ಇನ್ನೊಂದಿತ್ತು, ಉದ್ದಕ್ಕೆ, ಸೊಟ್ಟಗೆ, ಬೇರೆಲ್ಲಕ್ಕಿಂತ ಸಹಜವಾಗಿ.

"ಇದನ್ನ ಎಷ್ಟು ಚೆನ್ನಾಗಿ ಮಾಡಿದ್ದಾರೆ ನೋಡಿ ಸಾರ್," ಅಂದೆ.

ಅವರು ಬಗ್ಗಿ ನೋಡಿದರು. "ನಿಜದ್ದರಂಗೇ ಐತೆ."

ಆ ಸೀಳನ್ನು ಯಾರೂ ಮಾಡಿರಲಿಲ್ಲ. ಅಂಚಿನ ಕಡೆ ಹೋಗಿಯೇ ಇಲ್ಲವೆಂದು ಹುಡುಗರು ಆಮೇಲೆ ಅಳುತ್ತಾ ಹೇಳಿದರು. ಮೇಷ್ಟ್ರು, ನಾನು, ಇಬ್ಬರೂ ಗುಡ್ಡದ ಬಿರುಕನ್ನು ಸೆಟ್ಟಿನ ಕೆಲಸವೆಂದು ಮೆಚ್ಚುತ್ತಾ ನಿಂತಿದ್ದೆವು.

ಅವರು ಮಾವನಾಗಿ ಕೈ ಚಾಚಿದರು. ನಾನು ಸೊಸೆಯಾಗಿ ಹೆಜ್ಜೆ ಇಟ್ಟೆ. ಸದ್ದೇನೂ ಆಗಲಿಲ್ಲ. ಚೀಲದಿಂದ ಹಿಟ್ಟು ಜಾರಿದ ಹಾಗೆ ಅಂಚು ಕೆಳಗಿನವರಿಗೆ ಕಾಣದ ಆಚೆ ಬದಿಗೆ ಜಾರಿತು, ಮೇಷ್ಟ್ರು ಅದರೊಂದಿಗೆ ಹೋದರು.

ನಾನು ಕೂಗಿದೆ. "ಮಾವಾ! ಯಾರಾದ್ರೂ ಬನ್ನಿ! ಮಾವಾ!"

ಅದು ನಾನೇ ಬರೆದಿದ್ದ ಮಾತು. ಬಾಯಿಗೆ ಬೇರೆ ಮಾತೇ ಬರಲಿಲ್ಲ. ಕೆಳಗಿನಿಂದ ಶಿಳ್ಳೆ ಕೇಳಿಸಿತು. ಕೈ ಬೀಸಿದೆ, ಚಪ್ಪಾಳೆ ತಟ್ಟಿದರು. "ಸೂಪರ್ ಮೇಡಂ! ಒನ್ಸ್ ಮೋರ್!" ಎಷ್ಟು ಹೊತ್ತು ಹಾಗೆ ಕೂಗಿದೆನೋ ತಿಳಿಯದು. ಕೊನೆಗೊಮ್ಮೆ "ಮೇಷ್ಟ್ರೇ!" ಎಂದಿರಬೇಕು. ಕ್ಯಾಮೆರಾದ ಅಣ್ಣ ಟೀ ಲೋಟ ಎಸೆದು ಓಡಿ ಬಂದ.

ಕೈಯಿಂದ, ಸನಿಕೆಯಿಂದ, ಪಾತ್ರೆಯ ಮುಚ್ಚಳದಿಂದ ತೋಡಿದೆವು. ತೆಗೆದಾಗ ಉಸಿರಿತ್ತು. ಯೂನಿಟ್ಟಿನ ವ್ಯಾನ್ ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ನಿಂತಿತು. ಸ್ವಲ್ಪ ಮೊದಲೇ ತೆಗೆದಿದ್ದರೆ ಎಂದು ನನ್ನೆದುರು ಯಾರೂ ಅನ್ನಲಿಲ್ಲ. ಅನ್ನದೆ ಉಳಿಸಿದ ಆ ಮಾತೇ ರೈಲಿನಲ್ಲಿ ಒಬ್ಬಳೇ ಕೂತಾಗ ನನಗೆ ಕೇಳಿಸುತ್ತದೆ.

ಧಾರಾವಾಹಿ ನಿಲ್ಲಲಿಲ್ಲ. ನಾನೇ ಬರೆಯುತ್ತಿದ್ದೇನೆ. ಮಾವನನ್ನು ಬೀಳಿಸಲಿಲ್ಲ. ಆ ಶುಕ್ರವಾರದ ಕಂತು ಅಡುಗೆಮನೆಯಲ್ಲಿ, ಮಾವ ಉಪ್ಪು ಕಡಿಮೆ ಎನ್ನುವಲ್ಲಿ ಮುಗಿಯಿತು. ಯಾರೂ ದೂರಲಿಲ್ಲ.

ತಿಥಿ ಕಳೆದ ಮೇಲೆ ಅವರ ಊರಿಗೆ ಹೋದೆ. ಅವರ ಹೆಂಡತಿ ನನ್ನನ್ನು ಒಳಗೆ ಕೂರಿಸಿ ಮೊದಲು ಕೇಳಿದ್ದೇ ಇದು.

"ಎಲ್ಲಿ ನಿಂತಿದ್ರಮ್ಮ ಅವ್ರು? ಯಾರೂ ಸರಿಯಾಗಿ ಏಳಾಕಿಲ್ಲ ನಂಗೆ."

ಪೊಲೀಸರಿಗೂ ಹೇಳದಿದ್ದುದನ್ನು ಹೇಳಿದೆ. "ಅಂಚಿನ ಕಡೆ ಮೊದಲು ನಿಂತಿದ್ದವಳು ನಾನಮ್ಮ. ಬಿಸಿಲು ನೇರ ನನ್ನ ಕಣ್ಣಿಗೆ ಬೀಳ್ತಿತ್ತು. ಈ ಕಡೆ ಬಾ ಅಂತ ಹೇಳಿ ಅವರೇ ಆ ಕಡೆ ಹೋದ್ರು."

ಬೈಯಲಿ ಎಂದು ಕಾದೆ. ಅವರು ಸೆರಗಿನ ಅಂಚನ್ನು ತಿಕ್ಕುತ್ತಿದ್ದರು.

"ಕಣ್ಣಿಗೆ ಬಿಸಿಲು ಬಿದ್ರೆ ಅರ್ಧತಲೆನೋವು ಬತ್ತಿತ್ತು ಅವ್ರಿಗೆ. ನಾನು ಕರೆದ್ರೂ ಅಂಗಳಕ್ಕೆ ಬತ್ತಿರ್ಲಿಲ್ಲ. ಅಲ್ಲೋಗಿ ನಿಂತ್ರಾ?"

"ಹೂಂ ಅಮ್ಮ."

ಅವರು ಎದ್ದು ಒಳಗೆ ಹೋದರು. ತಟ್ಟೆ ತಂದು ನನ್ನ ಮುಂದಿಟ್ಟರು. ಮುದ್ದೆ, ಅವರೆಕಾಳಿನ ಸಾರು.

"ಉಣ್ಣು. ಬರೀ ಒಟ್ಟೇಲಿ ಓಗ್ಬೇಡ ಈ ಮನೆಯಿಂದ."

ಅವರು ಎದುರಿಗೇ ಕೂತು ನೋಡುತ್ತಿದ್ದರು. ಮುರಿದೆ, ಅದ್ದಿದೆ, ನುಂಗಿದೆ.