ಸೊಂಟದ ಹಿಂದೆ ಕೂತ ಅಂಜಿಕೆ

ಬಸುರು ಇಳಿದುಹೋದ ಮೇಲೆ ನನಗೆ ಗಂಡನ ಭಯ ಶುರುವಾಯಿತು. ಅವರು ಕೆಟ್ಟವರಲ್ಲ. ಬಸವಕಲ್ಯಾಣದ ಕೋರ್ಟಿನ ಎದುರು ಟೈಪಿಂಗ್ ಮಾಡುತ್ತಾರೆ, ಎಂದೂ ನನ್ನ ಮೇಲೆ ದನಿ ಎತ್ತಿದವರಲ್ಲ. ಆದರೂ ಸಂಜೆ ಬಸ್ಸಿಗೆ ಹುಮನಾಬಾದಿಗೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾದರೆ ಸಾಕು, ನನ್ನ ಎದೆ ಡವಡವ ಅನ್ನುತ್ತಿತ್ತು. ಹಾಸಿಗೆಯಲ್ಲಿ ಅವರ ಮೊಣಕೈ ತಾಗಿದರೆ ಗೋಡೆಗೆ ಸರಿಯುತ್ತಿದ್ದೆ. ಮತ್ತೆ ಬಸುರಾದರೆ, ಮತ್ತೆ ಆ ರಕ್ತ ನೋಡಬೇಕಾಗಿ ಬಂದರೆ ಎಂಬುದೊಂದೇ ತಲೆಯಲ್ಲಿ. ಬರುಬರುತ್ತಾ ಅವರೂ ಕೆಳಗೆ ಚಾಪೆ ಹಾಸಿಕೊಂಡು ಮಲಗತೊಡಗಿದರು. ಹೀಗೇ ಹೋದರೆ ನಾವು ಗಂಡ ಹೆಂಡತಿಯಾಗಿ ಉಳಿಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಬಾಯಿ ಬಿಟ್ಟು ಹೇಳಲು ಮಾತ್ರ ಇಬ್ಬರಿಗೂ ಧೈರ್ಯವಿರಲಿಲ್ಲ.

ಬಸವಕಲ್ಯಾಣದ ಲೇಡಿ ಡಾಕ್ಟರು ನನ್ನನ್ನು ತಪಾಸಣೆ ಮಾಡಿ, "ಮೈ ಎಲ್ಲಾ ಚಲೋ ಆಗ್ಯಾದವ್ವಾ. ಆಗಿದ್ದು ಯಾರ ತಪ್ಪಿನಿಂದನೂ ಅಲ್ಲ. ಅಂಜಿಕಿ ಒಂದೇ ಉಳದದ," ಅಂದರು. ಆ ಅಂಜಿಕೆಗೆ ಅವರು ಮಾತ್ರೆ ಬರೆಯಲಿಲ್ಲ.

ಮಾತ್ರೆಯ ಬದಲು ನನ್ನ ಗಂಡ ಫೋನಿನಲ್ಲಿ ಒಂದು ಪಾಠ ಹುಡುಕಿದರು. ದಂಪತಿಗಳ ಸಾಮೀಪ್ಯದ ಬಗ್ಗೆ ಚೀನಾದ ತಾವೋ ಪಂಥದವರು ಹೇಳುವುದನ್ನು ಒಬ್ಬ ಹೆಂಗಸು ಹಿಂದಿಯಲ್ಲಿ ಕಲಿಸುತ್ತಿದ್ದಳು.

"ಶರಣರ ಊರಾಗ ಕೆಲಸ ಮಾಡ್ತೀರಿ, ಕಲಿಯೋದು ಚೀನಾದವರ ಕಡೆ ಏನ್ರಿ?" ಎಂದು ಕಿಚಾಯಿಸಿದೆ.

"ನಮಗ ಯಾರರೆ ಕಲಿಸಲಿ, ಕಲಿಸಿದ್ರ ಸಾಕು," ಅಂದರು. ಅವರು ನಗಲಿಲ್ಲ. ನನಗೂ ಆಮೇಲೆ ನಗು ಬರಲಿಲ್ಲ.

ಗಂಡು ಬೆಂಕಿ, ಹೆಣ್ಣು ನೀರು, ನೀರು ಕಾಯುವ ತನಕ ಬೆಂಕಿ ಸಣ್ಣಗೆ ಉರಿಯಬೇಕು ಎಂದು ಆಕೆ ಹೇಳಿದಳು. ಒಲೆ ಮುಂದೆ ಕೂತವರಿಗೆ ಇದು ಹೊಸದೇನಲ್ಲ. ಆದರೆ ಮುಂದಿನ ಮಾತಿಗೆ ನಾನು ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟೆ. ಅಂಜಿಕೆ ಕೂರುವುದು ಮೂತ್ರಪಿಂಡಗಳಲ್ಲಿ, ಸೊಂಟದ ಹಿಂದೆ. ಜೊತೆಗಾರ ಅಲ್ಲಿ ಅಂಗೈ ಇಟ್ಟು ಸುಮ್ಮನೆ ಕೂರಬೇಕು. ಅಂಜಿದವರು ಕಣ್ಣು ಮುಚ್ಚಿ, ತುಟಿ ಗುಂಡಗೆ ಮಾಡಿ, ಉದ್ದಕ್ಕೆ ಉಸಿರು ಊದಬೇಕು. ಅದಕ್ಕಿಂತ ಹೆಚ್ಚಿಗೆ ಇಬ್ಬರೂ ಏನೂ ಮಾಡುವಂತಿಲ್ಲ. ಏನೂ ಮಾಡುವಂತಿಲ್ಲ ಎಂದಿದ್ದಕ್ಕೇ ನಾನು ಒಪ್ಪಿದ್ದು.

ಭಾನುವಾರ ಮಧ್ಯಾಹ್ನ ಅತ್ತೆ ಪಕ್ಕದ ಮನೆಗೆ ಹರಟೆಗೆ ಹೋದಾಗ ಹೀಗೆ ಕೂರುತ್ತಿದ್ದೆವು. ಮೊದಮೊದಲು ಅವರ ಅಂಗೈ ಬೆನ್ನಿಗೆ ತಾಗಿದ ಕೂಡಲೇ ನನ್ನ ಮೈ ಸೆಟೆದುಕೊಳ್ಳುತ್ತಿತ್ತು, ಎದ್ದು ಓಡಬೇಕು ಅನಿಸುತ್ತಿತ್ತು. ಕೆಲವು ವಾರ ಕಳೆದ ಮೇಲೆ ಆ ಕೈ ಬೆಚ್ಚಗಿದೆ ಎಂಬುದಾದರೂ ಗೊತ್ತಾಗತೊಡಗಿತು. ಒಂದು ಭಾನುವಾರ ಹಾಗೆ ಊದುತ್ತಿರುವಾಗ ಕಿಟಕಿಯ ಹೊರಗೆ ಯಾರೋ ಚೀರಿದರು.

ಅತ್ತೆ. ಅವರ ಮುಖ ಬಿಳಿಚಿಕೊಂಡಿತ್ತು.

"ಭಾನಾಮತಿ! ಯವ್ವಾ, ನನ್ನ ಸೊಸಿಗೆ ಭಾನಾಮತಿ ಮಾಡ್ಯಾರ!"

ನಮ್ಮ ಸೀಮೆಯಲ್ಲಿ ಈ ಮಾತು ಕೇಳಿದರೆ ಯಾರಿಗಾದರೂ ನಡುಕ ಬರುತ್ತದೆ. ಮಾಟ ತಗುಲಿದ ಹೆಂಗಸು ಕೂಗುತ್ತಾಳೆ, ಊದುತ್ತಾಳೆ, ಬಿಡಿಸುವವನೂ ಹಾಗೇ ತುಟಿ ಗುಂಡಗೆ ಮಾಡಿ ಊದುತ್ತಾನೆ. ಆಮೇಲೆ ಮಾಡಿದವರು ಯಾರು ಎಂದು ಹುಡುಕುತ್ತಾರೆ. ಸಿಗುವುದು ಯಾವಾಗಲೂ ಒಬ್ಬಂಟಿ ಮುದುಕಿಯೇ.

"ಹಿಂದಿನ ಓಣಿ ಮುದುಕೀನೇ ಮಾಡ್ಯಾಳ, ಹೌದಲ್ಲ? ದಿನಾ ಅಕಿ ಮನಿ ಮಜ್ಜಿಗೀನೇ ಕುಡದಿ! ಊರಿಂದ ನನ್ನ ತಮ್ಮನ ಕರೀತೀನಿ, ಅಕಿ ಹಲ್ಲು ಉದುರಿಸ್ತಾನ," ಎನ್ನುತ್ತಾ ಅತ್ತೆ ಒಳಗೆ ಬಂದು ಫೋನು ತೆಗೆದರು.

ಸುಮ್ಮನಿದ್ದರೆ ಆ ಮುದುಕಿಯನ್ನು ಹೊಡೆಯುತ್ತಾರೆ. ನಿಜ ಹೇಳೋಣವೆಂದರೆ, ಅತ್ತೆಯ ಮುಂದೆ ಯಾವ ಬಾಯಿಂದ ಹೇಳುವುದು? ಗಂಡನನ್ನು ನೋಡಿದೆ. ಹೂಂ, ಭಾನಾಮತಿಯೇ ಎಂದುಬಿಟ್ಟರೆ ಅವರ ಮಾನ ಉಳಿಯುತ್ತಿತ್ತು. ಹಾಗೇ ಅಂದುಬಿಡುತ್ತಾರೆ ಎಂದು ನನಗೆ ಖಾತ್ರಿಯಾಗಿತ್ತು.

"ಅವ್ವಾ, ಫೋನ್ ಕೆಳಗ ಇಡು. ಆಕಿಗೆ ಯಾರೂ ಏನೂ ಮಾಡಿಲ್ಲ. ನಾವಿಬ್ರೂ ಕಲಿಯಾಕತ್ತೇವಿ."

"ಏನ್ ಕಲಿಯಾಕತ್ತೀರಿ?"

ನನ್ನ ಗಂಡನ ಕುತ್ತಿಗೆಯ ಮೇಲೆ ಬೆವರು ಇಳಿಯುತ್ತಿತ್ತು.

"ಮುಟ್ಟೋದು ಅವ್ವಾ. ಕೂಸು ಹೋದಾಗಿಂದ ನಮಗ ಒಬ್ಬರನ್ನೊಬ್ಬರು ಮುಟ್ಟಾಕ ಅಂಜಿಕಿ ಅದ."

ಅತ್ತೆ ನನ್ನ ಕಡೆ ನೋಡಿದರು. ನಾನು ಹೌದೆಂದು ಗೋಣು ಹಾಕಿದೆ. ಅತ್ತೆ ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ಅಡುಗೆಮನೆಗೆ ಹೋದರು.

ಬಾಗಿಲು ಮುಂದೆ ಮಾಡಿ ಬಂದು ನೋಡಿದರೆ ಇವರು ಚಾಪೆಯ ಮೇಲೆ ಕುಸಿದು ಕೂತಿದ್ದರು.

"ನಿಮಗ್ಯಾಕ ಅಂಜಿಕಿ? ನೋವು ತಿಂದಾಕಿ ನಾನು," ಎಂದೆ. ದನಿಯಲ್ಲಿ ಸಿಟ್ಟೂ ಇತ್ತು.

"ಕೂಸು ಹೋಗೋ ಹಿಂದಿನ ದಿನ ನಿನ್ನ ಜೋಡಿ ಕೂಡಿದ್ದೆ," ಎಂದರು. "ನಾನೇ ಕೂಸಿನ ಕೊಂದೆ ಅಂತ ಅಂಜಿಕಿ."

ಅಷ್ಟು ದಿನ ಇವರು ಕೆಳಗೆ ಮಲಗಿದ್ದು ನನ್ನ ಮೈ ಬೇಡವಾಗಿ ಎಂದುಕೊಂಡಿದ್ದೆ.

"ಯಾರ ತಪ್ಪೂ ಅಲ್ಲ ಅಂದ್ರಲ್ಲ ಡಾಕ್ಟರು, ನೀವೂ ಅಲ್ಲೇ ಇದ್ರಿ," ಅಂದೆ.

"ಅದು ನಿನಗ ಸಮಾಧಾನ ಆಗಲಿ ಅಂತ ಅಂದ್ರು."

ನಾನು ಅವರ ಹಿಂದೆ ಹೋಗಿ ಕೂತೆ. ನನ್ನ ಭಯ ಎಲ್ಲಿಯೂ ಹೋಗಿರಲಿಲ್ಲ, ಕೈಗಳು ತಣ್ಣಗಿದ್ದವು. ಬೆವರಿಗೆ ಒದ್ದೆಯಾದ ಅಂಗಿಯ ಮೇಲೆ, ಅವರ ಸೊಂಟದ ಹಿಂದೆ ಎರಡೂ ಅಂಗೈ ಇಟ್ಟೆ.

"ಊದ್ರಿ," ಅಂದೆ.

ಅವರಿಗೆ ಊದಲು ಆಗಲಿಲ್ಲ. ಅವರ ಅಳು ನಿಲ್ಲುವ ತನಕ ನಾನು ಕೈ ತೆಗೆಯಲಿಲ್ಲ.