ನೂಲು ಕಚ್ಚಿದ ಹಲ್ಲು

ಭಟ್ಕಳದ ದವಾಖಾನೆಯ ಕಂಪೌಂಡರ್ ರಮಾನಂದನಿಗೆ ಕಿತ್ತ ಹಲ್ಲುಗಳನ್ನು ಕೂಡಿಡುವ ಚಟವಿತ್ತು. ಮಲೇರಿಯಾದ ರಕ್ತ ಪರೀಕ್ಷೆಗೆಂದು ಬಂದಿದ್ದ ಸೂಕ್ಷ್ಮದರ್ಶಕ ಮಧ್ಯಾಹ್ನ ಬಿಡುವಾಗಿರುತ್ತಿತ್ತು. ಕಿಟಕಿಯ ಬಿಸಿಲನ್ನು ಸಣ್ಣ ಕನ್ನಡಿಯಿಂದ ಹಲ್ಲಿನ ಮೇಲೆ ಬೀಳಿಸಿ ನೋಡುತ್ತಿದ್ದ. ಬರಿಗಣ್ಣಿಗೆ ನುಣುಪಾದ ಹಲ್ಲು ಅಲ್ಲಿ ಉತ್ತ ಗದ್ದೆ. ಇದ್ದಿಲಿನಲ್ಲಿ ಉಜ್ಜಿದವರ ಗೆರೆಗಳೇ ಬೇರೆ, ಬಲೆ ಹೆಣೆಯುವವರವೇ ಬೇರೆ. ಗಂಟು ಬಿಗಿಯಲು ನೂಲು ಕಚ್ಚಿ ಎಳೆದೂ ಎಳೆದೂ ಅವರ ಮುಂದಿನ ಹಲ್ಲಿನ ಅಂಚಿನಲ್ಲಿ ಓರೆ ಗೀರುಗಳು ಮೂಡಿರುತ್ತಿದ್ದವು.

"ರಮಾನಂದಣ್ಣ, ಸರ ಮಾಡಿ ಹೆಂಡ್ತಿ ಕೊರಳಿಗೆ ಹಾಕ್ತ್ರಿ ಎಂತ?" ಎಂದು ಜನ ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಛೇಡಿಸುತ್ತಿದ್ದರು.

೧೯೪೩ರಲ್ಲಿ ಒಂದು ದಿನ ತೆಂಗಿನಗುಂಡಿಯ ಮಂಜಿ ಬಂದಳು. ಅವಳ ಗಂಡ ವೆಂಕಟ ಕಡಲಿಗೆ ಹೋದವನು ಮೂರು ತಿಂಗಳಾದರೂ ಮರಳಿರಲಿಲ್ಲ. ಈಗ ಯಾರದೋ ಬಲೆಯಲ್ಲಿ ದವಡೆಯ ಎಲುಬು ಬಂದಿತ್ತು. ಅದರ ಮುಂದಿನ ಒಂದು ಹಲ್ಲನ್ನು ಸೆರಗಿನಲ್ಲಿ ಕಟ್ಟಿ ತಂದಿದ್ದಳು.

"ಯುದ್ಧದ ಹಡಗಿನವಂದು ಅಂತ ಊರೋರು ಹೇಳ್ತ್ರು. ಅತ್ತೆ ಮಾತ್ರ ಬಳೆ ತೆಗಿ ಅಂತಾಳೆ. ನೀವು ನೋಡಿ ಹೇಳಿದ್ರೆ ಆತು."

ರಮಾನಂದ ನೋಡಿದ. ನೂಲಿನ ಗೀರುಗಳೇ. ಆದರೆ ಓರೆ ಎಂದಿನ ಕಡೆಗಿರಲಿಲ್ಲ. ಡಬ್ಬಿಯಿಂದ ಇನ್ನೊಂದು ಹಲ್ಲು ತೆಗೆದು ಪಕ್ಕದಲ್ಲಿಟ್ಟು ಹೋಲಿಸಿದ. ಇದು ಎಡಗೈಯವನ ಹಲ್ಲು. ಔಷಧಿಯ ಬಾಟಲಿಗೆ ಎಡಗೈ ಚಾಚಿದನೆಂದು ವೆಂಕಟನನ್ನು ಇದೇ ಬಾಗಿಲಲ್ಲಿ ಬೈದದ್ದು ನೆನಪಾಯಿತು.

"ಸರಿ ಕಾಣೂದಿಲ್ಲ, ಮಂಜಿ. ಯಾರದ್ದೂ ಇರಬಹುದು."

"ನಾ ಒಂದ್ಸಲ ನೋಡ್ಲಾ?"

ಅವನು ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ಜಾಗ ಬಿಟ್ಟ. ಮಂಜಿ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಬಗ್ಗಿದಳು. ಬೆರಳಿನಿಂದ ಗಾಜಿನ ಪಟ್ಟಿಯನ್ನು ಮೆಲ್ಲಗೆ ಅತ್ತ ಸರಿಸಿದಳು, ಇತ್ತ ಸರಿಸಿದಳು.

"ಇದು ಯಾರದ್ದು, ಪಕ್ಕದ್ದು?"

ರಮಾನಂದ ಡಬ್ಬಿಯ ಚೀಟಿ ನೋಡಿದ. "ನಿಂದೇ. ಹೋದ ವರ್ಷ ಕಿತ್ತದ್ದು."

ಅವಳು ತಲೆ ಎತ್ತಲಿಲ್ಲ.

"ಎದುರುಬದುರು ಕೂತು ಒಂದೇ ಬಲೆ ಹೆಣೀತಿದ್ದೆವು. ನಾ ಈ ಕಡೆ ಎಳೆದ್ರೆ ಅವರು ಆ ಕಡೆ. ಎಡಚನ ಗಂಟಿಗೆ ಮೀನೂ ನಗಾಡ್ತದೆ ಅಂತಿದ್ದೆ."

ಹೊರಗೆ ಯಾರೋ ಔಷಧಿಗೆ ಕರೆದರು. ರಮಾನಂದ ಏಳಲಿಲ್ಲ.

"ಎರಡೂ ಕೊಡಿ," ಎಂದಳು ಮಂಜಿ.

ಎರಡು ಹಲ್ಲುಗಳನ್ನೂ ಸೆರಗಿನ ತುದಿಯಲ್ಲಿಟ್ಟು ಗಂಟು ಹಾಕಿದಳು. ಅಭ್ಯಾಸಬಲದಿಂದ ಬಿಗಿಯಲು ತುದಿಯನ್ನು ಬಾಯಿಗೆ ಒಯ್ದವಳು, ಕಚ್ಚದೆ ಹಾಗೆಯೇ ಇಳಿಸಿ ಹೊರಟುಹೋದಳು.