ನುಣುಪಣ್ಣನ ಕುರ್ಚಿ

ನಮ್ಮ ಗೋಡೆಯಾಚೆ ಇರುವ ಬಡಗಿಗೆ ಬೀದಿಯವರು ಇಟ್ಟ ಹೆಸರು ನುಣುಪಣ್ಣ. ಅವನು ಮಾಡಿದ ಮೇಜಿನ ಮೇಲೆ ಅಂಗೈ ಇಟ್ಟರೆ ಜಾರಿಹೋಗುತ್ತಿತ್ತು. ಕೆಲಸ ಮುಗಿದ ಮೇಲೂ ಉಪ್ಪುಕಾಗದ ಹಿಡಿದು ಇನ್ನೊಂದು ಸಲ, ಇನ್ನೊಂದೇ ಸಲ ಎಂದು ಉಜ್ಜುತ್ತಿದ್ದ. "ಮರ ಸವೆದು ಕಡ್ಡಿ ಆಗ್ಬಿಡತ್ತೆ, ಬಿಡೋ ಅಣ್ಣಾ" ಎಂದು ಅವನ ತಂಗಿ ಬೈಯುವುದು ಗೋಡೆಯ ಈಚೆ ನನಗೆ ಕೇಳಿಸುತ್ತಿತ್ತು.

ಇಬ್ಬರೂ ಮದುವೆಯಾದವರಲ್ಲ. ಊರಿಗೆಲ್ಲ ಮಂಚ, ಮೇಜು ಮಾಡಿಕೊಟ್ಟವನು ತನ್ನ ಮನೆಗೆಂದು ಮಾಡಿದ್ದು ಒಂದೇ ಒಂದು ಕುರ್ಚಿ, ಅದೂ ತಂಗಿಯ ಮಂಡಿನೋವಿಗೆ. ಎರಡು ವರ್ಷದ ಹಿಂದೆ ತಂಗಿ ತೀರಿಕೊಂಡಳು. ಕುರ್ಚಿ ಕಿಟಕಿಯ ಪಕ್ಕದಲ್ಲೇ ಉಳಿಯಿತು. ಅದರಲ್ಲಿ ಅವನೂ ಕೂರುವುದಿಲ್ಲ, ಬಂದವರನ್ನೂ ಕೂರಿಸುವುದಿಲ್ಲ. ನಾನು ಹೋದರೂ ಸ್ಟೂಲೇ ಗತಿ.

ತಂಗಿಯ ಗಿಳಿಯೂ ಉಳಿಯಿತು. ಕೈನಡುಕ ಬಂದು ಕೆಲಸ ಬಿಟ್ಟ ಮೇಲೆ ಅವನ ಮಾತೆಲ್ಲ ಗಿಳಿಯ ಜೊತೆಗೇ. "ತಿಂದ್ಯೇನೇ? ಯಾಕೇ ಮುಖ ಊದಿಸ್ಕೊಂಡಿದ್ದೀಯ?" ಎಂದು ಬೆಳಗಿನಿಂದ ನಡೆಯುತ್ತಿತ್ತು. ಒಂದು ವಾರ ಆ ಮಾತೂ ಕೇಳಿಸದಾಗ ನಾನೇ ಎದ್ದು ಹೋದೆ.

ಗಿಳಿಯ ಮೇಲಿನ ಕೊಕ್ಕು ಉದ್ದ ಬೆಳೆದು, ಬಾಗಿ, ಎದೆಗೆ ತಾಗುವಂತಾಗಿತ್ತು. ಕಾಳು ಎತ್ತುತ್ತದೆ, ಬೀಳಿಸುತ್ತದೆ, ಮತ್ತೆ ಎತ್ತುತ್ತದೆ. ಬಟ್ಟಲು ತುಂಬಿದ ಹಾಗೇ ಇತ್ತು. ನುಣುಪಣ್ಣ ಇಕ್ಕಳ ಹಿಡಿದು ಕೂತಿದ್ದ.

"ಕತ್ತರಿಸ್ಬಿಡೋಣ ಅಂತ ಅಕ್ಕಾ. ಧೈರ್ಯ ಸಾಲ್ತಿಲ್ಲ."

"ಆ ಕೈಲಿ ಕೊಕ್ಕಲ್ಲ, ಕತ್ತೇ ಹೋಗತ್ತೆ. ಏಳಪ್ಪಾ, ಡಾಕ್ಟರ ಹತ್ರ ಹೋಗೋಣ."

"ಇದೂ ಹೋದ್ರೆ ನಾನು ಯಾರ ಹತ್ರ ಮಾತಾಡ್ಲಿ?"

ಗೋಡೆಯ ಈಚೆ ನಾನಿಲ್ಲವೇ ಎನ್ನಲು ಹೋಗಿ, ಪಂಜರ ಎತ್ತಿಕೊಂಡು ಹೊರಟೆ.

ಪ್ರಾಣಿಗಳ ಆಸ್ಪತ್ರೆಯ ಡಾಕ್ಟರಮ್ಮ ಗಿಳಿಯನ್ನು ಟವೆಲಿನಲ್ಲಿ ಸುತ್ತಿ, ಸಣ್ಣ ಯಂತ್ರದಿಂದ ಕೊಕ್ಕನ್ನು ಚೂರು ಚೂರೇ ಸವೆಸಿದರು. ಒಳಗೆ ರಕ್ತ ಹರಿಯುತ್ತದಂತೆ, ಇಕ್ಕಳ ಹಾಕಿದ್ದರೆ ಕಷ್ಟವಾಗುತ್ತಿತ್ತು ಎಂದರು. ಯಕೃತ್ತು ಕೆಟ್ಟರೂ ಹೀಗಾಗುತ್ತದೆಂದು ಪರೀಕ್ಷೆ ಮಾಡಿದರು. ಅದೇನೂ ಇರಲಿಲ್ಲ. ಆಮೇಲೆ ಪಂಜರದ ಅಡ್ಡಕೋಲನ್ನು ಬೆರಳಿನಿಂದ ಸವರಿದರು.

"ಇದನ್ನ ಇಷ್ಟು ನುಣುಪು ಮಾಡಿದ್ದು ಯಾರು?"

"ನಾನೇ," ಎಂದ, ಸ್ವಲ್ಪ ಹೆಮ್ಮೆಯಿಂದಲೇ. "ಕಾಲಿಗೆ ಚುಚ್ಚಬಾರ್ದು ಅಂತ ವಾರಕ್ಕೊಂದ್ಸಲ ಉಜ್ತೀನಿ. ಕಾಳೂ ನೆನೆಸಿ ಮೆತ್ತಗೆ ಮಾಡೇ ಕೊಡೋದು."

"ಅದೇ ತಪ್ಪಾಗಿರೋದು, ಯಜಮಾನ್ರೇ. ಕೊಕ್ಕು ನಮ್ಮ ಉಗುರಿನ ಹಾಗೆ, ಬೆಳೀತಾನೇ ಇರತ್ತೆ. ಉಜ್ಜೋಕೆ, ಕಡಿಯೋಕೆ ಒರಟು ಮರ ಬೇಕು. ಬಣ್ಣ, ಪಾಲಿಶ್ ಏನೂ ಇರಬಾರ್ದು. ಕಡಿದ್ರೆ ಉಳ್ಕೊಳ್ಳತ್ತೆ. ಇಲ್ದಿದ್ರೆ ಮತ್ತೆ ಉಪವಾಸ, ಮೈಯಲ್ಲಿ ಈಗ್ಲೇ ಏನೂ ಉಳಿದಿಲ್ಲ."

ದಾರಿಯುದ್ದಕ್ಕೂ ಅವನು ಪಂಜರವನ್ನು ಎದೆಗೊತ್ತಿಕೊಂಡೇ ನಡೆದ. ಮನೆ ಬಾಗಿಲಲ್ಲಿ, "ಪ್ರೀತಿಯಿಂದ ಉಜ್ಜಿದ್ದೆ ಅಕ್ಕಾ" ಎಂದ, ಅಷ್ಟೇ.

ಬೀದಿಯ ಮರದಿಂದ ತೊಗಟೆ ಇರುವ ಕೊಂಬೆ ತಂದು ಕಟ್ಟಿದ. ಗಿಳಿ ತಿರುಗಿಯೂ ನೋಡಲಿಲ್ಲ. ಬೇರೆ ಮರದ್ದು ತಂದ. ಅದೂ ಬೇಡವಂತೆ. ಪಂಜರ ತೆರೆದರೆ ನೆಟ್ಟಗೆ ಆ ಕುರ್ಚಿಯ ತೋಳಿಗೆ ಹಾರುತ್ತಿತ್ತು. ತಂಗಿ ಇದ್ದಾಗ ಅದು ಕೂರುತ್ತಿದ್ದ ಜಾಗ. ಕೊಕ್ಕು ಹಾಕಿದರೆ ಪಾಲಿಶಿನ ಮೇಲೆ ಜಾರುತ್ತಿತ್ತು. ಅವನು "ಹುಶ್" ಎಂದು ಎಬ್ಬಿಸುತ್ತಿದ್ದ. ಹೀಗೇ ಎರಡು ವಾರ ಕಳೆಯಿತು. ಕೊಕ್ಕಿನ ತುದಿ ಮತ್ತೆ ಬಾಗತೊಡಗಿತು.

ಒಂದು ಮಧ್ಯಾಹ್ನ ಗೋಡೆಯಾಚೆ ಅರ ಉಜ್ಜುವ ಸದ್ದು ಕೇಳಿತು. ಎಷ್ಟೋ ಕಾಲದಿಂದ ಕೇಳದ ಸದ್ದು. ಯಾರೋ ಕೆಲಸ ಕೊಟ್ಟರೇನೋ ಎಂದು ಹೋಗಿ ನೋಡಿದರೆ, ನೆಲದ ಮೇಲೆ ಕೂತು ಆ ಕುರ್ಚಿಯ ತೋಳನ್ನೇ ಉಜ್ಜುತ್ತಿದ್ದಾನೆ! ಪಾಲಿಶ್ ಪೂರ್ತಿ ಕೆರೆದು, ಬರಿ ಮರ ಕಂಡ ಮೇಲೆ, ಉಳಿಯಿಂದ ಅಡ್ಡಾದಿಡ್ಡಿ ಗೀರು ಹಾಕಿದ. ನಡುಗುವ ಕೈಗೆ ಈ ಕೆಲಸ ಚೆನ್ನಾಗಿಯೇ ಒಗ್ಗಿತ್ತು.

"ಅಯ್ಯೋ, ಕುರ್ಚಿ ಹಾಳಾಯ್ತಲ್ಲಪ್ಪಾ!"

"ಹಾಳಾಗ್ದೇ ಇದ್ದಾಗ ಯಾರು ಕೂತ್ರು ಅಕ್ಕಾ?"

ಪುಡಿಯನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ ಗಿಳಿಯನ್ನು ಬಿಟ್ಟ. ಅದು ತೋಳಿನ ಮೇಲೆ ಕೂತು, ತಲೆ ಓರೆ ಮಾಡಿ ನೋಡಿ, ಕೊಕ್ಕು ಹಾಕಿತು. ಒಂದು ಸಿಬಿರು ಎದ್ದು ನೆಲಕ್ಕೆ ಬಿತ್ತು. ಹಿಂದೆಯೇ ಇನ್ನೊಂದು. ನುಣುಪಣ್ಣ ಅವನ್ನು ಆಯ್ದು ಅಂಗೈಯಲ್ಲಿ ಇಟ್ಟುಕೊಂಡ.

ಈಗ ದಿನವೂ ಗೋಡೆಯಾಚೆ ಕಟಕಟ ನಡೆದಿರುತ್ತದೆ. ಎಡದ ತೋಳು ಮುಗಿದು ಬಲದ್ದು ಶುರುವಾಗಿದೆ. "ತಿಂದ್ಯೇನೇ?" ಎಂಬ ಮಾತೂ ಮರಳಿದೆ. ನಾನು ಹೋದರೆ ಈಗಲೂ ಸ್ಟೂಲೇ ಗತಿ. ಹೆಚ್ಚು ಹೊತ್ತು ಕೂರುವುದಿಲ್ಲ. ನನ್ನ ಮನೆಯಲ್ಲಿ ಕೂತರೂ ಆ ಸದ್ದು ಚೆನ್ನಾಗಿ ಕೇಳುತ್ತದೆ.